ಗಂಡಸಿಗ್ಯಾಕೆ ಗೌರಿ ದುಃಖ?

ಕಳೆದ ತಿಂಗಳು ಒಂದು ಭಾನುವಾರ ಮಗನನ್ನು ಕಟಿಂಗ್ ಶಾಪಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೀಗ ಏಳು ವರ್ಷ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಕೂರಿಸಿದ್ದರು. ಕಿವಿಯ ಹಿಂದೆ ಮಷೀನು ಬಂದಾಗ ಅದೇನು ತಾಗಿತೋ, ಬಿಸಿಯಾಗಿತ್ತೋ, ಜೋರಾಗಿ ಅಳೋದಕ್ಕೆ ಶುರು ಮಾಡಿದ. ಸರದಿಗೆ ಕಾಯುತ್ತಾ ಕೂತಿದ್ದವರೆಲ್ಲ ಮೊಬೈಲಿನಿಂದ ತಲೆಯೆತ್ತಿ ನೋಡಿದರು. ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ನನಗೆ ಒಂಥರಾ ಆಯ್ತು. "ಏಯ್, ಹೆಣ್ಮಕ್ಕಳ ಥರ ಅಳ್ತೀಯಲ್ಲೋ, ಗಂಡ್ಸಲ್ವಾ ನೀನು?" ಅಂದುಬಿಟ್ಟೆ.

ಅಂದಿದ್ದು ಬೇರೆ ಯಾರೂ ಅಲ್ಲ, ನಾನೇ. ಆಫೀಸಿನ ಊಟದ ಮೇಜಿನಲ್ಲಿ ಹೆಣ್ಣು ಗಂಡು ಸಮಾನ ಅಂತ ಭಾಷಣ ಬಿಗಿಯುವ ಇದೇ ನಾನು.

ಅವನು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದ. ಅಳು ನುಂಗಿಕೊಂಡ. ಮನೆಗೆ ವಾಪಸ್ ಬರುವಾಗ ಸ್ಕೂಟರಿನ ಮುಂದೆ ನಿಂತವನು ಕೇಳಿದ: "ಅಪ್ಪಾ, ಅಜ್ಜ ಹೋದಾಗ ನೀನು ಬಾತ್ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದು ಅದಕ್ಕೇನಾ?"

ಏನಂತ ಉತ್ತರ ಕೊಡಲಿ ಹೇಳಿ? "ಟ್ರಾಫಿಕ್ ಇದೆ, ಸುಮ್ನೆ ನಿಂತ್ಕೋ" ಅಂದೆ. ನಲ್ಲಿಯ ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ ಅಂದುಕೊಂಡಿದ್ದೆ. ಆಗ ಐದು ವರ್ಷದವನಾಗಿದ್ದ ಇವನಿಗೆ ಕೇಳಿಸಿತ್ತು. ಕೇಳಿಸಿದ್ದು ಮಾತ್ರ ಅಲ್ಲ, ಎರಡು ವರ್ಷ ಇಟ್ಟುಕೊಂಡಿದ್ದ. ಅವತ್ತಿನಿಂದ ತಲೆಯಲ್ಲಿ ಹುಳ ಕೊರೆಯುತ್ತಿದೆ. ಅದಕ್ಕೇ ಇಲ್ಲಿ ಬರೆದು ಹಗುರಾಗೋಣ ಅಂತ.

ನಮ್ಮೂರ ಕಡೆ ಒಂದು ಗಾದೆ ಇದೆ, ನೀವೂ ಕೇಳಿರುತ್ತೀರಿ: ಗಂಡಸಿಗ್ಯಾಕೆ ಗೌರಿ ದುಃಖ. ಇನ್ನೊಂದು ಇದೆ, ಅಳೋ ಗಂಡಸನ್ನು ನಂಬಬಾರದು, ನಗೋ ಹೆಂಗಸನ್ನು ನಂಬಬಾರದು. ಏನು ವ್ಯವಸ್ಥೆ ನೋಡಿ! ಒಬ್ಬರ ಅಳು ಕಿತ್ತುಕೊಂಡರು, ಇನ್ನೊಬ್ಬರ ನಗು ಕಿತ್ತುಕೊಂಡರು. ಕುಸ್ತಿಯಲ್ಲಿ ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ಹೇಳಿಕೊಳ್ಳಬೇಕು. ಬಿದ್ದ ಪೆಟ್ಟಿನ ಮಾತು ಯಾರೂ ಎತ್ತೋದಿಲ್ಲ, ಮೀಸೆಯದ್ದೇ ಚಿಂತೆ.

ಮೀಸೆ ಅಂದ ಕೂಡಲೇ ನೆನಪಾಯ್ತು. ಹೈಸ್ಕೂಲಿನಲ್ಲಿ ನನ್ನನ್ನು 'ಕಡ್ಡಿ' ಅಂತ ಕರೆಯುತ್ತಿದ್ದರು. ಅದಾದರೂ ಪರವಾಗಿಲ್ಲ. ಆಯಿಗೆ ಅಡುಗೆಮನೆಯಲ್ಲಿ ಸಹಾಯ ಮಾಡ್ತೀನಿ, ಚೌತಿಗೆ ರಂಗೋಲಿ ಹಾಕ್ತೀನಿ ಅಂತ ಗೊತ್ತಾದ ಮೇಲೆ ಇನ್ನೊಂದು ಹೆಸರೂ ಬಂತು, 'ಹೆಣ್ಣಿಗ'. ಆ ಹೆಸರಿಗೆ ಹೆದರಿ ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ರಂಗೋಲಿ ಬಿಟ್ಟೆ. ಇವತ್ತಿಗೂ ನನ್ನ ಕೈಗೆ ಎಳೆ ನೇರ ಬರುತ್ತೆ, ಆದರೆ ಹಾಕೋದಿಲ್ಲ. ಆಮೇಲೆ ಅಪ್ಪಯ್ಯನ ರೇಜರ್ ಕದ್ದು, ಇಲ್ಲದ ಮೀಸೆಯನ್ನು ಬೋಳಿಸಿದ್ದೂ ಆಯ್ತು. ಬೋಳಿಸಿದರೆ ದಪ್ಪಗೆ ಬರುತ್ತೆ ಅಂತ ಗೆಳೆಯರು ಹೇಳಿದ್ದರು. ಅದು ಶುದ್ಧ ಸುಳ್ಳು. ಕೂದಲಿನ ಬೇರು ಚರ್ಮದ ಒಳಗಿರುತ್ತೆ, ರೇಜರ್ ಮೇಲಿನದ್ದನ್ನಷ್ಟೇ ಕತ್ತರಿಸೋದು. ತುದಿ ಮೊಂಡಾಗೋದರಿಂದ ಒರಟಾದ ಹಾಗೆ ಕಾಣುತ್ತೆ ಅಷ್ಟೇ. ಆದರೆ ಹದಿನಾಲ್ಕನೇ ವಯಸ್ಸಿಗೆ ಯಾರು ಹೇಳಿದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ಈಗ ಅದೇ ಕಟಿಂಗ್ ಶಾಪಿನ ಹುಡುಗ ನನಗೆ ಹೇಳ್ತಾನೆ, "ಗಡ್ಡ ಬಿಡಿ ಸಾರ್, ಗೆಟಪ್ ಬರುತ್ತೆ" ಅಂತ. ಗೋಡೆಯ ಮೇಲೆ ಇರುವ ಅಷ್ಟೂ ಫೋಟೋಗಳಲ್ಲಿ ಗಡ್ಡ. 2018ರಲ್ಲಿ 'ಕೆಜಿಎಫ್' ಬಂತು ನೋಡಿ, ಅದಾದ ಮೇಲೆ ನಮ್ಮ ಓಣಿಯ ಹುಡುಗರೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕಾಣತೊಡಗಿದರು. ಅದಕ್ಕೂ ಹತ್ತು ವರ್ಷ ಹಿಂದೆ ಗಡ್ಡ ಬಿಟ್ಟವನಿಗೆ "ಏನೋ, ಲವ್ ಫೇಲ್ಯೂರಾ?" ಅಂತ ಕೇಳುತ್ತಿದ್ದರು. ಆಗ ಬೇಕಾಗಿದ್ದಿದ್ದು ಸಿಕ್ಸ್ ಪ್ಯಾಕು. 2007ರಲ್ಲಿ 'ಓಂ ಶಾಂತಿ ಓಂ'ಗಾಗಿ ಶಾರುಖ್ ಖಾನ್ ಹೊಟ್ಟೆಯ ಮೇಲೆ ಗೆರೆ ಮೂಡಿಸಿಕೊಂಡಿದ್ದೇ ದೊಡ್ಡ ಸುದ್ದಿ. ಅಂಥಾ ಶೂಟಿಂಗಿಗೆ ಮುಂಚೆ ನೀರು, ಉಪ್ಪು ಕಡಿಮೆ ಮಾಡಿ ಮೈ ಒಣಗಿಸಿಕೊಳ್ಳೋ ರೂಢಿ ಇದೆ. ಅಂದರೆ ಆ ಹೊಟ್ಟೆ ಸಿನಿಮಾದವರಿಗೂ ದಿನನಿತ್ಯದ್ದಲ್ಲ. ಅದನ್ನು ನೋಡಿ ನಾವು ದಿನಾ ಕನ್ನಡಿ ಮುಂದೆ ನಿಂತು ಕೊರಗಬೇಕು!

ಅದೇ 2007ರಲ್ಲಿ ಅದೇ ಶಾರುಖ್ ಗಂಡಸರ ಬಿಳಿ ಬಣ್ಣದ ಕ್ರೀಮಿನ ಜಾಹೀರಾತಿನಲ್ಲೂ ಬಂದರು. 'ಫೇರ್ ಅಂಡ್ ಹ್ಯಾಂಡ್ಸಮ್' 2005ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಹೆಣ್ಣುಮಕ್ಕಳ ಕ್ರೀಮನ್ನು ಕದ್ದು ಹಚ್ಚಿಕೊಳ್ಳಬೇಡ, ನಿನಗೇ ಅಂತ ಬೇರೆ ಇದೆ ಅನ್ನೋದು ಅದರ ತಾತ್ಪರ್ಯ. 1975ರಿಂದ ಹೆಣ್ಣುಮಕ್ಕಳಿಗೆ 'ನೀನು ಕಪ್ಪು, ಅದಕ್ಕೇ ಕೆಲಸ ಸಿಕ್ಕಿಲ್ಲ, ಗಂಡು ಸಿಕ್ಕಿಲ್ಲ' ಅಂತ ಹೇಳಿ ಕ್ರೀಮು ಮಾರಿದ್ದಾಯ್ತು, ಆಮೇಲೆ ಉಳಿದ ಅರ್ಧ ಜನರ ಕಡೆ ತಿರುಗಿದರು. ಹೆಂಗಸರ ಕ್ರೀಮಿನ ಹೆಸರಿನಿಂದ 'ಫೇರ್' ಅನ್ನೋ ಪದ ಹೋಗಿದ್ದು 2020ರಲ್ಲಿ. ಪದ ಹೋಯ್ತು. ಮದುವೆ ಮನೆಯಲ್ಲಿ "ಹುಡುಗ ಸ್ವಲ್ಪ ಬಣ್ಣ ಕಮ್ಮಿ" ಅನ್ನೋದು ಹೋಗಿದೆಯಾ? ನೀವೇ ಹೇಳಿ.

ಇನ್ನೂ ತಮಾಷೆ ಅಂದರೆ ನನ್ನ ಅಜ್ಜನ ಫೋಟೋ. ಕಿವಿಯಲ್ಲಿ ಒಂಟಿ, ಹಿಂದೆ ಉದ್ದ ಜುಟ್ಟು, ಮೀಸೆ ಇಲ್ಲ. ಊರಿನಲ್ಲಿ ಅವನ ಮಾತಿಗೆ ಎದುರಾಡುವವರೇ ಇರಲಿಲ್ಲವಂತೆ. ಮೊನ್ನೆ ಅಕ್ಕನ ಮಗ ಕಿವಿ ಚುಚ್ಚಿಸಿಕೊಂಡು, ಕೂದಲು ಬಿಟ್ಟು ಊರಿಗೆ ಬಂದಾಗ ಇದೇ ಅಜ್ಜನ ಫೋಟೋದ ಕೆಳಗೆ ಕೂತು ಎಲ್ಲರೂ ಬೈದರು: "ಎಂಥದೋ ಇದು ಹೆಂಗಸರ ವೇಷ!" ಫೋಟೋದಲ್ಲಿ ಅಜ್ಜ ಸುಮ್ಮನಿದ್ದ.

ಅಂದರೆ ನಾವು ಗಂಡಸಿನ 'ಸಹಜ ಲಕ್ಷಣ' ಅಂತ ಯಾವುದನ್ನು ಕರೆಯುತ್ತೇವೋ ಅದು ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬದಲಾಗೋ ಅಂಗಿಯ ಕಾಲರಿನ ಹಾಗೆ. ಬದಲಾದಾಗೆಲ್ಲ ಇದೇ ಅನಾದಿಕಾಲದಿಂದ ಬಂದಿದ್ದು ಅನ್ನೋ ಹಾಗೆ ನಂಬುತ್ತೇವೆ.

ಅನಾದಿಕಾಲದ್ದೇ ಬೇಕು ಅನ್ನೋರಿಗೆ ನಾನು ಶ್ರವಣಬೆಳಗೊಳ ತೋರಿಸ್ತೀನಿ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಬಾಹುಬಲಿ, ಸುಮಾರು 58 ಅಡಿ. ಜೈನರ ಪರಂಪರೆಯಲ್ಲಿ ಬಾಹುಬಲಿ ಮೊದಲ ಕಾಮದೇವ, ಅಂದರೆ ಗಂಡಿನ ಚೆಲುವಿಗೆ ಅವನೇ ಅಳತೆಗೋಲು. ಮುಂದಿನ ಸಲ ಹೋದಾಗ ಸರಿಯಾಗಿ ನೋಡಿ. ಗಡ್ಡ ಇಲ್ಲ, ಮೀಸೆ ಇಲ್ಲ. ಗುಂಗುರು ಕೂದಲು. ಭುಜ ಅಗಲ ಇದೆ ನಿಜ, ಆದರೆ ಎಲ್ಲೂ ಉಬ್ಬಿದ ಸ್ನಾಯು ಇಲ್ಲ, ಹೊಟ್ಟೆಯ ಮೇಲೆ ಗೆರೆಗಳಿಲ್ಲ. ಕೈಯಲ್ಲಿ ಆಯುಧ ಇಲ್ಲ. ತುಟಿಯ ಮೇಲೆ ಇದೆಯೋ ಇಲ್ಲವೋ ಅನ್ನುವಂಥ ನಗು. ಹೆಸರೇ ಬಾಹುಬಲಿ, ತೋಳಿನಲ್ಲಿ ಬಲ ಇರುವವನು. ಪಂಪನ 'ಆದಿಪುರಾಣ'ದಲ್ಲಿ ಓದಿದವರಿಗೆ ಗೊತ್ತು, ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋಲಿಸುತ್ತಾನೆ. ಗೆದ್ದ ಆ ಗಳಿಗೆಯಲ್ಲೇ ಅವನಿಗೆ ಗೆದ್ದಿದ್ದರ ಬಗ್ಗೆ ಬೇಸರ ಬರುತ್ತದೆ, ರಾಜ್ಯ ಬಿಟ್ಟು ನಡೆಯುತ್ತಾನೆ. ಸಾವಿರ ವರ್ಷದ ಹಿಂದೆ ನಮ್ಮವರು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಗಂಡಸು ಇವನು. ಇವತ್ತು ಬಾಹುಬಲಿ ಅಂದರೆ ಮಕ್ಕಳಿಗೆ ನೆನಪಾಗೋದು 2015ರ ಸಿನಿಮಾದಲ್ಲಿ ಶಿವಲಿಂಗ ಎತ್ತಿಕೊಂಡು ಬರುವ ಪ್ರಭಾಸ್. ಸಿನಿಮಾ ನನಗೂ ಇಷ್ಟ ಆಯ್ತು, ಸುಳ್ಳು ಹೇಳಲ್ಲ. ಆದರೆ ಎರಡು ಬಾಹುಬಲಿಗಳ ನಡುವೆ ನಾವು ಏನನ್ನು ಕಳೆದುಕೊಂಡೆವು ಅಂತ ಒಮ್ಮೊಮ್ಮೆ ಅನ್ನಿಸುತ್ತೆ.

ಯಕ್ಷಗಾನದ ವಿಷಯ ಹೇಳದೇ ಇದ್ದರೆ ನಾನು ಉತ್ತರ ಕನ್ನಡದವನೇ ಅಲ್ಲ. ಅಪ್ಪಯ್ಯನ ಹಾಗೆ ನನ್ನ ಅಜ್ಜನೂ ಕಣ್ಣೀರು ಹಾಕಿದ್ದನ್ನು ಮನೆಯಲ್ಲಿ ಯಾರೂ ನೋಡಿಲ್ಲ. ಆದರೆ ನಾನು ನೋಡಿದ್ದೀನಿ, ಆಟದ ಗದ್ದೆಯಲ್ಲಿ. ಹರಿಶ್ಚಂದ್ರ ಪ್ರಸಂಗ. ಬೆಳಗಿನ ಜಾವ. ಮಗನ ಹೆಣ ತೊಡೆಯ ಮೇಲೆ ಇಟ್ಟುಕೊಂಡು ಚಂದ್ರಮತಿ ಅಳುತ್ತಿದ್ದಾಳೆ. ಪಕ್ಕದಲ್ಲಿ ಕೂತ ಅಜ್ಜ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಸುತ್ತ ಕೂತ ಗಂಡಸರೆಲ್ಲರೂ ಅದನ್ನೇ ಮಾಡುತ್ತಿದ್ದರು. ಕತ್ತಲೆ ಇತ್ತಲ್ಲ, ಪರವಾಗಿಲ್ಲ. ಅವರನ್ನೆಲ್ಲ ಅಳಿಸುತ್ತಿದ್ದ ಆ ಚಂದ್ರಮತಿಯೂ ಒಬ್ಬ ಗಂಡಸೇ ಆಗಿದ್ದ!

ತೆಂಕುತಿಟ್ಟಿನ ಕೋಳ್ಯೂರು ರಾಮಚಂದ್ರ ರಾಯರು, ಬಡಗಿನ ಮಂಟಪ ಪ್ರಭಾಕರ ಉಪಾಧ್ಯಾಯರು.. ಇವರ ಸ್ತ್ರೀವೇಷ ನೋಡಿದವರು ಮರೆಯೋದುಂಟಾ? ಕತ್ತು ಎಷ್ಟು ವಾಲಬೇಕು, ಹೆಜ್ಜೆ ಎಷ್ಟು ಅಂತರದಲ್ಲಿ ಬೀಳಬೇಕು, ನಾಚಿದಾಗ ಕಣ್ಣು ಎಲ್ಲಿಗೆ ಹೋಗಬೇಕು, ಎಲ್ಲವನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿತಿದ್ದು. ಇಲ್ಲೇ ನನಗೊಂದು ವಿಚಾರ ಹೊಳೆದಿದ್ದು. ಒಬ್ಬ ಗಂಡಸು ಅಭ್ಯಾಸದಿಂದ ಹೆಣ್ಣಿನ ನಡಿಗೆ ಕಲಿಯಬಹುದು ಅಂತಾದರೆ, ನಾವು 'ಗಂಡಸಿನ ನಡಿಗೆ' ಅಂತ ನಡೆಯುತ್ತೀವಲ್ಲ, ಎದೆ ಉಬ್ಬಿಸಿ, ಕಾಲು ಅಗಲಿಸಿ, ಅದು ಎಲ್ಲಿಂದ ಬಂತು? ಅದೂ ಅಭ್ಯಾಸವೇ. ನಮಗೂ ಗುರುಗಳಿದ್ದರು: ಅಪ್ಪ, ಮಾವ, ಪಿ.ಟಿ. ಮೇಷ್ಟ್ರು, ಸಿನಿಮಾ, ಕಟಿಂಗ್ ಶಾಪಿನಲ್ಲಿ ಕಿಸಕ್ಕನೆ ನಗುವವರು. ವ್ಯತ್ಯಾಸ ಏನಂದರೆ ಚಂದ್ರಮತಿ ಬೆಳಿಗ್ಗೆ ಚೌಕಿಗೆ ಹೋಗಿ ಬಣ್ಣ ತೆಗೆಯುತ್ತಾಳೆ. ನಮಗೆ ವೇಷ ಅಂತಲೇ ಗೊತ್ತಿಲ್ಲ, ಹಾಗಾಗಿ ತೆಗೆಯೋದೂ ಇಲ್ಲ. ಗಡ್ಡ ಮೀಸೆ ನೋಡಿ ಗಂಡು ಅಂತೀರಿ, ಒಳಗಿರುವ ಆತ್ಮಕ್ಕೆ ಅದೆಲ್ಲಿದೆ ಅನ್ನೋ ಅರ್ಥದ ಮಾತನ್ನು ಜೇಡರ ದಾಸಿಮಯ್ಯ ಯಾವತ್ತೋ ಹೇಳಿಟ್ಟಿದ್ದಾನೆ. ನಾವು ಭಾಷಣದಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಮನೆಗೆ ಬರುತ್ತೇವೆ.

"ಅಯ್ಯೋ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಕೊರೆಯೋದಾ?" ಅಂತ ನಿಮಗೆ ಅನ್ನಿಸಿರಬಹುದು. ಸಣ್ಣ ವಿಷಯ ಆಗಿದ್ದರೆ ಚೆನ್ನಾಗಿತ್ತು.

ನನ್ನ ಸೋದರಮಾವನ ಮಗ ಒಬ್ಬನಿದ್ದಾನೆ, ಭಾವ. ಮೂವತ್ತೆಂಟು ದಾಟಿತು. ಎರಡು ಎಕರೆ ಅಡಿಕೆ ತೋಟ, ಎರಡು ದನ. ಒಳ್ಳೆ ಓದುಗ, ತಾಳಮದ್ದಲೆಯಲ್ಲಿ ಅರ್ಥ ಹೇಳ್ತಾನೆ, ಅಮ್ಮನಿಗೆ ಹುಷಾರಿಲ್ಲದಾಗ ಒಬ್ಬನೇ ಅಡುಗೆ ಮಾಡಿ ಹದಿನೈದು ಜನಕ್ಕೆ ಬಡಿಸಿದ್ದನ್ನು ನಾನೇ ಉಂಡಿದ್ದೇನೆ. ಆದರೆ ಎತ್ತರ ಕಡಿಮೆ, ಮುಂದಲೆ ಖಾಲಿ, ಎಲ್ಲಕ್ಕಿಂತ ಹೆಚ್ಚಾಗಿ ಊರಲ್ಲಿದ್ದಾನೆ. ಜಾತಕ ಹೋಗುತ್ತೆ, ವಾಪಸ್ ಬರುತ್ತೆ. ಹೋದ ಬೇಸಿಗೆಯಲ್ಲಿ ಅಂಗಳದಲ್ಲಿ ಕೂತು ಹೇಳಿದ, "ಬಂದವೆಲ್ಲಾ ತ್ವಾಟ ಚಲೋ ಇದ್ದು ಹೇಳ್ತ ತಮಾ. ಎನ್ನ ಚಲೋ ಇದ್ದ ಹೇಳದು ಯಾರೂ ಇಲ್ಲೆ." ನಗುತ್ತಲೇ ಹೇಳಿದ. ನಾನೂ ನಕ್ಕೆ. ಬೇರೇನು ಮಾಡಬೇಕು ಅಂತ ನಮ್ಮಿಬ್ಬರಿಗೂ ಯಾರೂ ಕಲಿಸಿರಲಿಲ್ಲ.

ಇದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು, ಹೆಚ್ಚಿನವರು ರೈತರು, ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟೀವಿಯಲ್ಲಿ ನೋಡಿ ಎಲ್ಲರೂ ನಕ್ಕರು, ಜೋಕು ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ಅದೇ ಮಂಡ್ಯದ ಒಂದು ಆಲೆಮನೆಯಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣೋ ಗಂಡೋ ನೋಡಿ, ಹೆಣ್ಣಾದರೆ ಮುಗಿಸುತ್ತಿದ್ದರು. ಎರಡೂ ಸುದ್ದಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಗಂಡೇ ಬೇಕು ಅಂತ ಹಂಬಲಿಸಿ ಪಡೆದ ಮಗ, ಬೆಳೆದ ಮೇಲೆ ಜೊತೆಗಾತಿ ಇಲ್ಲದೆ ಬೆಟ್ಟ ಹತ್ತುತ್ತಾನೆ.

ಹುಡುಗಿಯರನ್ನು ದೂರುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಓದಿದ ಹುಡುಗಿ ಬೆಳಿಗ್ಗೆ ಐದಕ್ಕೆದ್ದು ಕೊಟ್ಟಿಗೆ, ಅಡುಗೆ, ಅತ್ತೆ ಮಾವ ಅಂತ ದುಡಿಯೋದಕ್ಕೆ ಯಾಕೆ ಒಪ್ಪಬೇಕು? ಅವಳಿಗೂ ಬದುಕು ಒಂದೇ. ನನ್ನ ತಕರಾರು 'ಉದ್ಯೋಗಂ ಪುರುಷ ಲಕ್ಷಣಂ' ಅಂತ ನಾವೇ ಬರೆದಿಟ್ಟ ಬೋರ್ಡಿನ ಮೇಲೆ. ಗಂಡು ಅಂದರೆ ದುಡಿಮೆ, ಎತ್ತರ, ಬಣ್ಣ, ಬೆಂಗಳೂರು ಅಂತ ಅಳತೆ ಕಟ್ಟಿದವರು ನಾವೇ ಗಂಡಸರು. ಅದರಲ್ಲಿ ಪಾಸಾದಾಗ ಮೀಸೆ ತಿರುವಿದ್ದೂ ನಾವೇ. ಫೇಲಾದವನು ಮನೆಯ ಭಾವನೇ ಆದಾಗ ಮಾತ್ರ ನೋವಾಗುತ್ತೆ.

ನಾನು ಪಾಸಾದವನು. ಅದಕ್ಕೇ ಒಂದು ತಪ್ಪೊಪ್ಪಿಗೆ. ಹುಡುಗಿ ನೋಡುವ ಕಾಲದಲ್ಲಿ ಫೋಟೋಗಳ ಕಟ್ಟನ್ನು ಇಸ್ಪೀಟಿನ ಎಲೆಯ ಹಾಗೆ ತಿರುವಿ, "ಇವಳು ದಪ್ಪ, ಇವಳು ಕಪ್ಪು" ಅಂತ ಬದಿಗಿಟ್ಟವನು ನಾನು, 'ಕಡ್ಡಿ' ಅನ್ನಿಸಿಕೊಂಡು ಅತ್ತವನು. 2017ರಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ನೋಡಿದಾಗ ಮೈಗೆ ಮುಳ್ಳು ಚುಚ್ಚಿದ ಹಾಗಾಗಿತ್ತು. ತಲೆ ಬೋಳಾದ ಕನ್ನಡ ಲೆಕ್ಚರರ್ ಜನಾರ್ದನ. ಲೋಕ ತನ್ನ ತಲೆ ನೋಡಿ ಅಳೆಯುತ್ತೆ ಅಂತ ಕೊರಗುವವನೇ, ದಪ್ಪಗಿರುವ ಹುಡುಗಿ ಎದುರಾದಾಗ ತಾನೂ ಅದೇ ತಕ್ಕಡಿ ಹಿಡಿಯುತ್ತಾನೆ. ಅಳತೆಗೋಲು ನಮ್ಮನ್ನು ಹೊಡೆದರೂ ನಾವು ಅದನ್ನು ಬಿಸಾಡೋದಿಲ್ಲ. ಇನ್ನೊಬ್ಬರನ್ನು ಹೊಡೆಯೋದಕ್ಕೆ ಇರಲಿ ಅಂತ ಇಟ್ಟುಕೊಳ್ಳುತ್ತೇವೆ.

ಇನ್ನೊಂದು ಹೇಳಿಬಿಡ್ತೀನಿ. ಮಗ ಹುಟ್ಟಿದ ಮೇಲೆ, ಮಗಳು ಮೊದಲೇ ಇದ್ದಳಲ್ಲ, ಇನ್ನು ಸಾಕು ಅಂತ ಆಯ್ತು. ಆಪರೇಷನ್ ಮಾಡಿಸಿಕೊಂಡವಳು ಹೆಂಡತಿ. ಗಂಡಸರದ್ದು ಕೆಲವೇ ನಿಮಿಷದ ಕೆಲಸ, ಅವತ್ತೇ ಮನೆಗೆ ಬರಬಹುದು. ವೀರ್ಯಾಣು ಬರುವ ನಾಳ ಮಾತ್ರ ಮುಚ್ಚುತ್ತಾರೆ, ಹಾರ್ಮೋನು ರಕ್ತದಲ್ಲಿ ಮೊದಲಿನ ಹಾಗೇ ಹರಿಯುತ್ತೆ, ಗಡ್ಡವೂ ಉದುರೋದಿಲ್ಲ, ಶಕ್ತಿಯೂ ಹೋಗೋದಿಲ್ಲ. ನನಗೆ ಆಗಲೂ ಇದು ಗೊತ್ತಿತ್ತು. ಆದರೂ ಮನೆಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಹಿಳೆಯರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ. 37.9. ಗಂಡಸರದ್ದು ಶೇ. 0.3. ಆ ಅಂಕಿಯೊಳಗೆ ನಮ್ಮ ಮನೆಯೂ ಇದೆ. ಕತ್ತಿ ಹಿಡಿದ ಹೀರೋಗೆ ಶಿಳ್ಳೆ ಹೊಡೆಯುವ ನಾವು ಸಣ್ಣ ಕತ್ತರಿಗೆ ಇಷ್ಟು ಹೆದರುತ್ತೇವೆ.

ಹೆಂಗಸರಿಗೆ ಆಗುವ ನಷ್ಟ ಇದಾದರೆ, ಗಂಡಸರಿಗೆ ಆಗುವುದು ಇನ್ನೊಂದು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತೆ. ಅದರಲ್ಲಿ ನೂರಕ್ಕೆ ಸುಮಾರು 72 ಗಂಡಸರು. ಎಲ್ಲಕ್ಕೂ ಅಳು ನುಂಗಿದ್ದೇ ಕಾರಣ ಅಂತ ಹೇಳುವಷ್ಟು ದಡ್ಡ ನಾನಲ್ಲ. ಸಾಲ ಇರುತ್ತೆ, ಕಾಯಿಲೆ ಇರುತ್ತೆ, ಕುಡಿತ ಇರುತ್ತೆ. ಆದರೆ ಸಾಲ ಆಗಿದೆ ಅಂತ ಹೆಂಡತಿಗೆ, ಗೆಳೆಯನಿಗೆ ಒಂದು ಮಾತು ಹೇಳೋದಕ್ಕೆ ನಾಲಿಗೆ ಏಳದೇ ಇರೋದು ಯಾಕೆ? ಗಂಡಸಿಗೆ ಸಿಟ್ಟು ಮಾಡಿಕೊಳ್ಳಲು ಅನುಮತಿ ಇದೆ, ದುಃಖಕ್ಕೆ ಇಲ್ಲ. ಹಾಗಾಗಿ ದುಃಖವೂ ಸಿಟ್ಟಿನ ಅಂಗಿ ಹಾಕಿಕೊಂಡೇ ಹೊರಗೆ ಬರುತ್ತೆ. ಅದು ಬೀಳೋದು ಮನೆಯ ಹೆಂಗಸರ ಮೇಲೆ, ಮಕ್ಕಳ ಮೇಲೆ. ಇಲ್ಲವಾದರೆ ತನ್ನ ಮೇಲೇ.

"ಹಾಗಾದ್ರೆ ಗಂಡಸು ಗಂಡಸಾಗೋದೇ ಬೇಡ್ವಾ? ಹುಡುಗಿಯರಿಗೂ ರಫ್ ಅಂಡ್ ಟಫ್ ಹೀರೋನೇ ತಾನೇ ಇಷ್ಟ?" ಅಂತ ಗೆಳೆಯನೊಬ್ಬ ಕೇಳಿದ. ನೋಡಿ, ಲಾಂಗು ಮಚ್ಚಿನ ಕಾಲದಲ್ಲೇ, 2005ರ 'ಜೋಗಿ'ಯ ಮರುವರ್ಷವೇ 'ಮುಂಗಾರು ಮಳೆ' ಬಂತು. ಅದರ ಹೀರೋ ಮೊಲ ಎತ್ತಿಕೊಂಡು ತಿರುಗಿದ, ವಟವಟ ಅಂದ, ಮಳೆಯಲ್ಲಿ ನಿಂತು ಅತ್ತ, ಹುಡುಗಿಯನ್ನು ಬಿಟ್ಟುಕೊಟ್ಟ. ಊರಿಗೆ ಊರೇ ಅವನ ಜೊತೆ ಅತ್ತಿತು. ಯಾರಾದರೂ ಅವನನ್ನು ಹೆಣ್ಣಿಗ ಅಂದರಾ? ಜನಕ್ಕೆ ಇಷ್ಟ ಆಗೋದು ಒಂದೇ ಥರದ ಗಂಡಸು ಅನ್ನೋದು ನಾವು ಮಾಡಿಕೊಂಡ ಅನುಮಾನ, ಅಷ್ಟೇ.

ಗಡ್ಡ ಬಿಡೋರು ಬಿಡಲಿ, ಜಿಮ್ಮಿಗೆ ಹೋಗೋರು ಹೋಗಲಿ. ಆರೋಗ್ಯಕ್ಕೆ ಒಳ್ಳೇದು, ನಾನೂ ಹೋಗಬೇಕು, ಹೊಟ್ಟೆ ಬಂದಿದೆ :) ಧೈರ್ಯ ಬೇಡ, ಜವಾಬ್ದಾರಿ ಬೇಡ ಅಂತಲೂ ನಾನು ಹೇಳ್ತಿಲ್ಲ. ಅವೆರಡೂ ಬೇಕು, ನನ್ನ ಮಗಳಿಗೂ ಬೇಕು. ಅದಕ್ಕೆ 'ಗಂಡಸುತನ' ಅಂತ ಯಾಕೆ ಹೆಸರಿಡಬೇಕು? ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ ನಲವತ್ತು ದಿನ ಬೆಂಚಿನ ಮೇಲೆ ಮಲಗಿ ನೋಡಿಕೊಂಡವಳು ಆಯಿ. ಅಷ್ಟು ಗಟ್ಟಿ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಮೊನ್ನೆ ಮತ್ತೆ ಮಗನ ಕೂದಲು ಬೆಳೆದಿತ್ತು. ಅದೇ ಅಂಗಡಿ, ಅದೇ ಹಲಗೆ. ಹೋಗುವ ಮುಂಚೆ ಅವನನ್ನು ಕೂರಿಸಿಕೊಂಡು ಹೇಳಿದೆ: "ಅವತ್ತು ನಾನು ಹಾಗೆ ಅಂದಿದ್ದು ತಪ್ಪು ಪುಟ್ಟಾ. ಅಜ್ಜ ಹೋದಾಗ ನಂಗೆ ತುಂಬಾ ಬೇಜಾರಾಗಿತ್ತು, ಅದಕ್ಕೇ ಅತ್ತೆ. ನಲ್ಲಿ ಬಿಟ್ಟಿದ್ದು ಮಾತ್ರ ಸುಮ್ನೆ." ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ನೀರು ವೇಸ್ಟು" ಅಂದ.

ಈ ಸಲ ಮಷೀನಿಗೆ ಅಳಲಿಲ್ಲ. ಮುಖ ಕಿವುಚಿಕೊಂಡು ಕೂತಿದ್ದ. ನಾನು ಹೇಳಿದ್ದಕ್ಕೋ, ನೋವಾಗದೇ ಇದ್ದಿದ್ದಕ್ಕೋ, ಅಥವಾ ಹೋದ ತಿಂಗಳು ಕಲಿತ ಪಾಠ ಆಗಲೇ ಗಟ್ಟಿಯಾಗಿಬಿಟ್ಟಿತೋ.. ಗೊತ್ತಾಗಲಿಲ್ಲ. ಅದೇ ಈಗ ಹೆದರಿಕೆ.

ನಿಮ್ಮ ಮನೆಯಲ್ಲಿ ಗಂಡು ಹುಡುಗ ಅತ್ತರೆ ನೀವೇನು ಹೇಳ್ತೀರಿ?